ಕೈಗೆ ಬಂದ ಎಕ್ಕ ಬಿಡುವುದು ಕಷ್ಟ

ಮದುವೆಯ ಹಿಂದಿನ ರಾತ್ರಿ ಚಪ್ಪರದ ಮೂಲೆಯಲ್ಲಿ ಇಪ್ಪತ್ತೆಂಟು ಆಡುವವರನ್ನು ನಮ್ಮ ಓದುಗರು ಕಂಡೇ ಇದ್ದಾರೆ. ಮೊದಲ ನಾಲ್ಕು ಎಲೆಗಳಲ್ಲಿ ಎರಡು ಗುಲಾಮ ಕಂಡೊಡನೆ ಅಂಕ ಏರಿಸಿ ಕೂಗಿ, ಉಳಿದ ನಾಲ್ಕು ಬಂದಾಗ ಮುಖ ಸಣ್ಣದು ಮಾಡಿಕೊಳ್ಳುವವರನ್ನೂ ಕಂಡಿದ್ದೇವೆ. ಕೂಗಿದ ಮೇಲೆ ಅಲ್ಲಿ ಹಿಂದೆ ಸರಿಯುವಂತಿಲ್ಲ. ಅಮೆರಿಕದ ಪೋಕರ್ ಆಟದಲ್ಲಿ ಸರಿಯಬಹುದು. ಆದರೂ ಜನ ಸರಿಯುವುದಿಲ್ಲ.

ಲಾಸ್ ವೇಗಸ್‌ನಲ್ಲಿ 1970ರಲ್ಲಿ ಆರಂಭವಾದ ದೊಡ್ಡ ಪಂದ್ಯಾವಳಿಯಿಂದ ಹೆಸರಾದ ಬಗೆ ಟೆಕ್ಸಾಸ್ ಹೋಲ್ಡೆಮ್. ಆಟಗಾರನಿಗೆ ಮುಚ್ಚಿದ ಎಲೆ ಎರಡೇ. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದೊಂದಾಗಿ ನಡುವೆ ಬಿಚ್ಚಿಡುತ್ತಾರೆ. ಹಂತಹಂತಕ್ಕೆ ಪಣ ಏರುತ್ತದೆ. ಬೇಡವೆನಿಸಿದವನು ಅಲ್ಲಿಯವರೆಗೆ ಹಾಕಿದ ಹಣವನ್ನು ಬಿಟ್ಟು, ಎಲೆ ಕೆಳಗಿಟ್ಟು ಹೊರಬರಬಹುದು.

ಎಕ್ಕದ ಜೋಡಿ ಬರುವುದು ಸರಾಸರಿ 221 ಸಲಕ್ಕೊಮ್ಮೆ. ಗಂಟೆಗಟ್ಟಲೆ ಕೆಟ್ಟ ಎಲೆ ಎಸೆದು ಕುಳಿತವನಿಗೆ ಅದು ಬಂದರೆ ಗೆದ್ದೇಬಿಟ್ಟಂತೆ! ಎದುರಿಗೆ ಒಬ್ಬನೇ ಇದ್ದು ಕೊನೆಯ ಎಲೆಯವರೆಗೆ ಹೋದರೆ ಆ ಜೋಡಿ ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಎಂಟು ಮಂದಿ, ಎಂಥ ಎಲೆ ಬಂದರೂ ಬಿಡದೆ, ನಿಂತರೆ ಸುಮಾರು 35 ಸಲ ಮಾತ್ರ. ಎಲೆ ಅದೇ, ಸುತ್ತಲಿನ ಸಂಗತಿ ಬೇರೆ. ರಾಜರ ಜೋಡಿಯವನಿಗಂತೂ ಮೊದಲು ಬಿಚ್ಚಿದ ಮೂರರಲ್ಲೇ ಎಕ್ಕ ಕಾಣುವ ಸಂಭವ ನೂರಕ್ಕೆ 23ರಷ್ಟಿದೆ.

ಗಳಿಸಿದ ಸುಖಕ್ಕಿಂತ ಅಷ್ಟನ್ನೇ ಕಳೆದ ದುಃಖ ದೊಡ್ಡದು, ನಷ್ಟದಲ್ಲಿದ್ದವನು ದುಸ್ಸಾಹಸಕ್ಕೆ ಇಳಿಯುತ್ತಾನೆ ಎಂದು ಮನಃಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ವಿವರಿಸಿದರು. ಎಕ್ಕ ಕಂಡ ಕ್ಷಣವೇ ನಡುವಿನ ಹಣ ತನ್ನದೆಂದು ಲೆಕ್ಕ ಹಾಕಿದವನಿಗೆ ಎಲೆ ಇಡುವುದೆಂದರೆ ಸಿಗಬೇಕಾದದ್ದು ತಪ್ಪಿದಂತಲ್ಲ, ಕಿಸೆಯದೇ ಕಳೆದಂತೆ.

ನಮಗೆ ಇನ್ನೊಂದು ಕಾರಣ ಇದಕ್ಕಿಂತ ಬಲವಾದದ್ದೆಂದು ತೋರುತ್ತದೆ. ಎಲೆ ಇಟ್ಟವನಿಗೆ ಎದುರಿನವನ ಎಲೆ ಸಾಮಾನ್ಯವಾಗಿ ಕಾಣಸಿಗದು. ತಾನು ಉಳಿದುಕೊಂಡೆನೋ, ಬೆದರಿಕೆಗೆ ಬಗ್ಗಿ ಮೂರ್ಖನಾದೆನೋ ತಿಳಿಯದೆ ಏಳಬೇಕು. ಸೋಲನ್ನಾದರೂ ನುಂಗಿಯಾರು, ಈ ಅನುಮಾನವನ್ನು ನುಂಗಲಾರರು. "ನೋಡಿಯೇ ಬಿಡುವ" ಎಂದು ಉಳಿದ ಹಣವನ್ನೂ ತಳ್ಳುತ್ತಾರೆ.

ಈ ಆಟ ಮೊಬೈಲಿಗೂ ಬಂದಿತ್ತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಚಪ್ಪರದಲ್ಲಿ ಸೋತವನ ಕಿವಿಗೆ ಕುಣುಕ್ಕು ಏರುತ್ತದೆ, ಊರೇ ನಗುತ್ತದೆ. ಮೊಬೈಲಿನಲ್ಲಿ ಸೋತದ್ದು ಪಕ್ಕದಲ್ಲೇ ಮಲಗಿದ ಹೆಂಡತಿಗೂ ಗೊತ್ತಾಗುತ್ತಿರಲಿಲ್ಲ.