ದಫ್ತರ ಬಿಚ್ಚಿದಾಗ

ಹಿರಿಯೂರಿನ ಬಳಿಯ ಮಾರಿಕಣಿವೆಯನ್ನು ಕಾಣದ ದುರ್ಗದವರು ವಿರಳ. ೧೯೦೭ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆಯ ಹಿಂದೆ ವೇದಾವತಿಯ ನೀರು ಒಂದೆಡೆ ನಿಂತು, ಕಾಲುವೆಗಳಲ್ಲಿ ಹರಿದು ಹಲವರ ಹೊಲ ಸೇರುತ್ತದೆ. ಸರ್ಕಾರದ ಕಾಗದಪತ್ರಗಳ ವ್ಯವಹಾರವೂ ಈಗ ಇದೇ ಕ್ರಮಕ್ಕೆ ಬಂದಿದೆಯೆಂದರೆ ವಾಚಕರಿಗೆ ಸೋಜಿಗವೆನಿಸಬಹುದು.

ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ದಫ್ತರದಲ್ಲಿತ್ತು. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ ಗ್ರಾಮಲೆಕ್ಕಿಗರು ಬಂದರು; ದಫ್ತರದ ಗಂಟು ಮಾತ್ರ ಗಂಟಾಗಿಯೇ ಉಳಿಯಿತು. ಬೆಳೆಸಾಲಕ್ಕೆ ಪಹಣಿ ಬೇಕಾದ ರೈತ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕು. ಎಷ್ಟೋ ಕಡೆ ಅವರ ಕೈ ಬೆಚ್ಚಗೆ ಮಾಡದೆ ಗಂಟು ಬಿಚ್ಚುತ್ತಿರಲಿಲ್ಲ!

೨೦೦೦ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಆ ಗಂಟಿಗೆ ಕೈಹಾಕಿತು. ರಾಜ್ಯದ ಸುಮಾರು ೬೭ ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳು ಗಣಕಯಂತ್ರವನ್ನು ಸೇರಿದವು. ತಾಲ್ಲೂಕು ಕಚೇರಿಯಲ್ಲಿ ಹದಿನೈದು ರೂಪಾಯಿ ತೆತ್ತರೆ ಪಹಣಿ ಕೈಗೆ ಬಂದಿತು. ಆದರೆ ಆಗ ಪ್ರತಿಯೊಂದು ತಾಲ್ಲೂಕಿನ ಯಂತ್ರವೂ ಒಂಟಿ. ಹೊಳಲ್ಕೆರೆಯದು ಹೊಸದುರ್ಗಕ್ಕೆ ತಿಳಿಯದು.

ಇದನ್ನು ನೀಗಿಸಿದುದು ಇ-ಆಡಳಿತ ಇಲಾಖೆ. ಇಲಾಖೆಗೊಂದು ತಂತಿ, ಇಲಾಖೆಗೊಂದು ಉಗ್ರಾಣವೆಂದು ಹಣ ಚೆಲ್ಲುವ ಬದಲು, ಎಲ್ಲರಿಗೂ ‘ಕೆಸ್ವಾನ್’ ಎಂಬ ಒಂದೇ ಜಾಲ, ಬೆಂಗಳೂರಿನಲ್ಲಿ ಒಂದು ದತ್ತಾಂಶ ಕೇಂದ್ರ. ಇದರ ಫಲವಾಗಿ ಹೊಸದುರ್ಗದ ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರವಾದರೆ ಆ ಸಮಾಚಾರ ‘ಕಾವೇರಿ’ ವ್ಯವಸ್ಥೆಯಿಂದ ‘ಭೂಮಿ’ಗೆ ತಾನಾಗಿ ತಲುಪಿ, ಖಾತೆ ಬದಲಾವಣೆಯ ಕೆಲಸ ಮೊದಲಾಗುತ್ತದೆ. ರಾಮಗಿರಿಯ ರೈತ ಪಹಣಿಗಾಗಿ ಹೊಳಲ್ಕೆರೆಯವರೆಗೆ ಹೋಗಬೇಕಾಗಿಲ್ಲ. ಹೋಬಳಿಯ ನಾಡಕಚೇರಿಯಲ್ಲಿಯೇ ಅದು ದೊರೆಯುತ್ತದೆ.

ಒಂದೇ ಕೆರೆಯನ್ನು ನಂಬಿದವರ ಪಾಡೂ ಉಂಟಷ್ಟೆ. ಜಾಲ ಕೆಟ್ಟ ದಿನ ‘ಸರ್ವರ್ ಇಲ್ಲ’ ಎಂಬ ಎರಡು ಮಾತು ಧರ್ಮಪುರದಿಂದ ಭರಮಸಾಗರದವರೆಗೆ ಏಕಕಾಲಕ್ಕೆ ಕೇಳಿಬರುತ್ತದೆ. ಆದಾಯದ ಪ್ರಮಾಣಪತ್ರಕ್ಕೆ ಬಂದ ವಿದ್ಯಾರ್ಥಿ, ಪಹಣಿಗೆ ಬಂದ ಮುದುಕ, ಇಬ್ಬರೂ ಒಂದೇ ಬೆಂಚಿನ ಮೇಲೆ ಕಾಯುತ್ತಾರೆ.

೨೦೨೩ರ ಬರಗಾಲದಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಎರಡು ಸಾವಿರ ರೂಪಾಯಿಯವರೆಗಿನ ಮೊದಲ ಕಂತಿನ ಪರಿಹಾರ ‘ಫ್ರೂಟ್ಸ್’ ಎಂಬ ರೈತರ ಪಟ್ಟಿಯನ್ನು ಆಧರಿಸಿ ನೇರವಾಗಿ ಬ್ಯಾಂಕ್ ಖಾತೆಗೆ ಸಂದಿತು. ಆ ಪಟ್ಟಿಯಲ್ಲಿ ಸರ್ವೆ ನಂಬರು ಸೇರದ ಹೊಲ, ಬೆಳೆ ಒಣಗಿದ್ದರೂ ಲೆಕ್ಕಕ್ಕೆ ಬಾರದು.

ಹಳೆಯ ಪುಸ್ತಕದಲ್ಲಿ ಕೈಬರಹದ ತಪ್ಪಿದ್ದರೆ ಯಂತ್ರವೂ ಅದನ್ನೇ ನಿಷ್ಠೆಯಿಂದ ನಕಲು ಮಾಡಿಕೊಂಡಿದೆ. ಹೆಸರಿನ ಒಂದಕ್ಷರ ತಿದ್ದಿಸಲು ರೈತ ಈಗಲೂ ಬಸ್ಸು ಹತ್ತಿ ತಹಸೀಲ್ದಾರರ ಕಚೇರಿಗೆ ಹೋಗುತ್ತಾನೆ. ನಿಜ ಯಾವುದೆಂದು ನೋಡಲು ಅಲ್ಲಿ ಹಳೆಯ ದಫ್ತರವನ್ನೇ ಮತ್ತೆ ಬಿಚ್ಚುತ್ತಾರೆ.