ಕೊಡಲಿ ಸಿಕ್ಕಿದೆ, ಕಟ್ಟಿಗೆ ಕಡಿಯಬೇಕಾದವರು ನಾವು



ಅನಸ್(ರ) ವರದಿ ಮಾಡಿದ, ಅಬೂದಾವೂದ್‌ನಲ್ಲಿರುವ ಈ ಹದೀಸ್ ನಿಮಗೆ ಗೊತ್ತಿರಬಹುದು. ಸಹಾಯ ಕೇಳಿ ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದ ಕಂಬಳಿ, ಬಟ್ಟಲನ್ನು ಪ್ರವಾದಿಯವರು(ಸ) 2 ದಿರ್‌ಹಮ್‌ಗೆ ಮಾರಿದರು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ತರಿಸಿದರು. ಅದಕ್ಕೆ ತಮ್ಮ ಕೈಯಾರೆ ಕಾವು ಹಾಕಿ, ಕಟ್ಟಿಗೆ ಕಡಿದು ಮಾರಲು ಕಳಿಸಿದರು. ಅವರು 15 ದಿನಗಳಲ್ಲಿ 10 ದಿರ್‌ಹಮ್ ಗಳಿಸಿ ಬಂದರು.

ನಮ್ಮ ಜಿಲ್ಲೆಗೂ ಅಂಥದೊಂದು ಕೊಡಲಿ ಸಿಕ್ಕಿದೆ. 2002ರಲ್ಲಿ ನಂಜುಂಡಪ್ಪ ಸಮಿತಿ ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕುಗಳೆಂದು ಗುರುತಿಸಿತು. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ಕಲಂ ಸೇರಿತು. ಅದರಂತೆ ಕಲ್ಯಾಣ ಕರ್ನಾಟಕದ ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲಿ ಬಿ ಗುಂಪಿನ ಶೇ. 75, ಸಿ ಗುಂಪಿನ ಶೇ. 80, ಡಿ ಗುಂಪಿನ ಶೇ. 85 ಇಲ್ಲಿಯವರಿಗೆ ಮೀಸಲು. ವೃತ್ತಿಶಿಕ್ಷಣ ಕಾಲೇಜುಗಳಲ್ಲೂ ಸೀಟುಗಳಿವೆ. ಇದು ಜಾತಿ, ಧರ್ಮ ನೋಡಿ ಕೊಟ್ಟದ್ದಲ್ಲ, ಊರು ನೋಡಿ ಕೊಟ್ಟದ್ದು. ನಮ್ಮ ಮಕ್ಕಳಿಗೂ ಇದರಲ್ಲಿ ಸಮಾನ ಹಕ್ಕಿದೆ.

ಆದರೂ ಸುಗ್ಗಿ ಮುಗಿಯುತ್ತಲೇ ನಮ್ಮ ಓಣಿಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗುತ್ತೇವೆ. ಏಕೆ? ಮೀಸಲಾತಿ ಹೊಸ ಹುದ್ದೆ ಹುಟ್ಟಿಸುವುದಿಲ್ಲ. ಇರುವ ಹುದ್ದೆಯಲ್ಲಿ ಪಾಲು ಕೊಡುತ್ತದೆ, ಅದೂ ಓದಿದವರಿಗೆ. ಖಾಸಗಿ ಕಾರ್ಖಾನೆಗಳಿಗೆ ಈ ಕಲಂ ಅನ್ವಯಿಸುವುದಿಲ್ಲ. ಕಡೇಚೂರಿನಲ್ಲಿ ಕೈಗಾರಿಕಾ ಪ್ರದೇಶವಾಗಿದ್ದರೂ ಐಟಿಐ, ಡಿಪ್ಲೊಮಾ ಇಲ್ಲದವನಿಗೆ ಒಳ್ಳೆಯ ಕೆಲಸ ಸಿಗುವುದು ಕಷ್ಟ. ನಾರಾಯಣಪುರದ ಕಾಲುವೆ ಶಹಾಪುರ, ಸುರಪುರದ ಹೊಲಗಳಿಗೆ ನೀರು ತಂದಿತು. ಹೊಲವಿಲ್ಲದವನಿಗೆ ಮಾತ್ರ ನಾಟಿ, ಕಟಾವಿನ ದಿನಗಳ ಕೂಲಿಯೇ ಗತಿ. ಊರಿಗೆ ಬಂದ ಅನುಕೂಲ ಎಲ್ಲರ ಮನೆಗೂ ತಾನಾಗಿ ಬರುವುದಿಲ್ಲ.

ಗುಳೆ ಹೋಗುವುದು ತಪ್ಪಲ್ಲ. ಹಲಾಲ್ ದುಡಿಮೆ ಎಲ್ಲಿದ್ದರೂ ಇಬಾದತ್ತೇ. ಆದರೆ ಏಳನೆಯ, ಎಂಟನೆಯ ತರಗತಿಯ ಮಗುವನ್ನು ಶಾಲೆ ಬಿಡಿಸಿ ಜೊತೆಗೆ ಕರೆದೊಯ್ದರೆ, ಅದರ ಕೈಯಲ್ಲಿನ ಕೊಡಲಿಯನ್ನು ನಾವೇ ಕಸಿದುಕೊಂಡಂತೆ. ಹೆಣ್ಣುಮಗುವಾದರೂ ಅಷ್ಟೇ. ಅಜ್ಜ-ಅಜ್ಜಿಯ ಬಳಿಯೋ ಹಾಸ್ಟೆಲ್‌ನಲ್ಲೋ ಬಿಡಿ. ಆಗದಿದ್ದರೆ ಹೊರಡುವ ಮೊದಲು ಜಮಾಅತ್‌ನ ಹಿರಿಯರಿಗೆ ತಿಳಿಸಿ. 371(ಜೆ) ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಮೊದಲೇ ಮಾಡಿಸಿಡಿ. ಅರ್ಜಿಯ ಕೊನೆಯ ದಿನ ಓಡಾಡಿದರೆ ಅದು ಸಿಗದು.

ಅಲ್ಲಾಹನು ನಮ್ಮ ಮಕ್ಕಳ ಓದಿನಲ್ಲೂ ನಮ್ಮ ದುಡಿಮೆಯಲ್ಲೂ ಬರ್ಕತ್ ನೀಡಲಿ. ಆಮೀನ್.