ಹೋಂಸ್ಟೇ ಆತಿಥೇಯರ ಗುರುತಿನ ಪರಿಶೀಲನೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕೊಡಗು, ಚಿಕ್ಕಮಗಳೂರು, ಹಾಸನ, ಉತ್ತರ ಕನ್ನಡ ಮುಂತಾದ ಜಿಲ್ಲೆಗಳಲ್ಲಿ ಅನೇಕ ಕುಟುಂಬಗಳು ತಮ್ಮ ವಾಸದ ಮನೆಯ ಕೆಲವು ಕೊಠಡಿಗಳನ್ನು ಪ್ರವಾಸಿಗರಿಗೆ ಅಲ್ಪಾವಧಿಗೆ ಬಾಡಿಗೆಗೆ ನೀಡುತ್ತಿವೆ. ಅಂತರ್ಜಾಲದ ಬುಕಿಂಗ್ ತಾಣಗಳ ಮೂಲಕ ಅತಿಥಿಗಳನ್ನು ಪಡೆಯಲಿಚ್ಛಿಸುವ ಆತಿಥೇಯರು ತಮ್ಮ ಗುರುತನ್ನು ದಾಖಲೆಗಳ ಮೂಲಕ ದೃಢಪಡಿಸಬೇಕಾಗುತ್ತದೆ. ಎಲ್ಲ ಅರ್ಹತೆಯಿರುವ ಅರ್ಜಿದಾರರ ಅರ್ಜಿಯೂ ದಾಖಲೆಗಳಲ್ಲಿನ ಸಣ್ಣ ವ್ಯತ್ಯಾಸದಿಂದ ತಡೆಹಿಡಿಯಲ್ಪಡಬಹುದು. ಇದನ್ನು ತಪ್ಪಿಸುವ ಸಲುವಾಗಿ ಸಾರ್ವಜನಿಕರ ಅವಗಾಹನೆಗೆ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಪರಿಶೀಲನೆಯ ಉದ್ದೇಶ

ಪ್ರವಾಸಿಗರು ತಾವು ಕಾಣದ ಮನೆಗೆ, ಪರಿಚಯವಿಲ್ಲದ ವ್ಯಕ್ತಿಗೆ ಮುಂಗಡ ಹಣ ಪಾವತಿಸುತ್ತಾರೆ. ಬೇರೆಯವರ ಮನೆಯ ಛಾಯಾಚಿತ್ರ ಬಳಸಿ ಹಣ ಪಡೆಯುವ ವಂಚಕರಿಂದ ಪ್ರವಾಸಿಗರಿಗೆ ಹಣದ ನಷ್ಟವಾಗುವುದಲ್ಲದೆ, ಮನೆಯ ನಿಜವಾದ ಮಾಲೀಕರೂ ತಮಗೆ ಸಂಬಂಧವಿಲ್ಲದ ವ್ಯವಹಾರಕ್ಕೆ ಉತ್ತರ ಹೇಳಬೇಕಾದ ಸ್ಥಿತಿ ಒದಗುತ್ತದೆ. ಆದುದರಿಂದ ಗುರುತಿನ ಪರಿಶೀಲನೆಯು ಅತಿಥಿಗಳಿಗೆ ಹೇಗೋ ಹಾಗೆಯೇ ಆತಿಥೇಯರಿಗೂ ರಕ್ಷಣೆಯಾಗಿದೆ.

ಮೂರು ಪ್ರತ್ಯೇಕ ಪರಿಶೀಲನೆಗಳು

ಈ ಕೆಳಗಿನ ಮೂರು ಪರಿಶೀಲನೆಗಳು ಪರಸ್ಪರ ಭಿನ್ನವಾಗಿದ್ದು, ಒಂದು ಮತ್ತೊಂದಕ್ಕೆ ಪರ್ಯಾಯವಲ್ಲ ಎಂಬುದನ್ನು ಗಮನಿಸತಕ್ಕದ್ದು.

1. ಬುಕಿಂಗ್ ತಾಣದ ಪರಿಶೀಲನೆ: ತಾಣವು ಆತಿಥೇಯರ ಹೆಸರು, ಜನ್ಮ ದಿನಾಂಕ, ವಿಳಾಸ, ಮೊಬೈಲ್ ಸಂಖ್ಯೆ, ಭಾವಚಿತ್ರವಿರುವ ಗುರುತಿನ ಚೀಟಿ ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ಕೇಳಬಹುದು. ತಾಣವು ನೀಡುವ 'ಪರಿಶೀಲಿಸಲಾಗಿದೆ' ಎಂಬ ಗುರುತು ಸರ್ಕಾರದ ನೋಂದಣಿಯಲ್ಲ.

2. ಸರ್ಕಾರದ ನೋಂದಣಿ: ಇಲ್ಲಿ ವ್ಯಕ್ತಿಯ ಗುರುತಿನೊಂದಿಗೆ ಸ್ವತ್ತಿನ ಹಕ್ಕು ಮತ್ತು ವಾಸವನ್ನೂ ಪರಿಶೀಲಿಸಲಾಗುತ್ತದೆ. ಉದಾಹರಣೆಗೆ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ರೂಪಿಸಿದ ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯು ಮಾಲೀಕರು ತಮ್ಮ ಕುಟುಂಬದೊಡನೆ ಅದೇ ಮನೆಯಲ್ಲಿ ವಾಸವಿರಬೇಕೆಂದೂ, ಬಾಡಿಗೆಗೆ ನೀಡುವ ಕೊಠಡಿಗಳು 6ನ್ನು ಹಾಗೂ ಹಾಸಿಗೆಗಳು 12ನ್ನು ಮೀರಬಾರದೆಂದೂ ವಿಧಿಸಿದೆ. ರಾಜ್ಯದ ನೋಂದಣಿಗೆ ಬೇಕಾದ ದಾಖಲೆಗಳ ಪಟ್ಟಿಯನ್ನು ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ಪಡೆಯಬಹುದು.

3. ಆದಾಯ ತೆರಿಗೆಗೆ ಸಂಬಂಧಿಸಿದ ಗುರುತು: ತಾಣಗಳ ಮೂಲಕ ನಡೆಯುವ ವ್ಯವಹಾರದ ಮೇಲೆ ಮೂಲದಲ್ಲಿಯೇ ತೆರಿಗೆ ಕಡಿತ ಮಾಡುವ ನಿಯಮವು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಇದರ ದರವನ್ನು 2024ರ ಅಕ್ಟೋಬರ್ 1ರಿಂದ ಶೇ. 1ರಿಂದ ಶೇ. 0.1ಕ್ಕೆ ಇಳಿಸಲಾಯಿತು. ಪಾನ್ ಅಥವಾ ಆಧಾರ್ ಸಂಖ್ಯೆ ಒದಗಿಸದ ಆತಿಥೇಯರ ಹಣದಿಂದ ಶೇ. 5ರಷ್ಟು ಕಡಿತವಾಗುತ್ತದೆ.

ಹೆಸರಿನಲ್ಲಿನ ವ್ಯತ್ಯಾಸ

ನಮ್ಮಲ್ಲಿ ಒಬ್ಬರೇ ವ್ಯಕ್ತಿಯ ಹೆಸರು ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆ ರೀತಿ ಇರುವುದು ಸಾಮಾನ್ಯ. ಪಹಣಿಯಲ್ಲಿ 'ಬಿನ್' ಅಥವಾ 'ಕೋಂ' ಎಂದು ತಂದೆಯ ಇಲ್ಲವೇ ಗಂಡನ ಹೆಸರು ಸೇರಿರುತ್ತದೆ. ಬ್ಯಾಂಕ್ ಪಾಸ್ ಪುಸ್ತಕದಲ್ಲಿ ಇನಿಷಿಯಲ್ ಮಾತ್ರ ಇರಬಹುದು. ಪಾನ್ ಅರ್ಜಿಯಲ್ಲಾದರೋ ಇನಿಷಿಯಲ್‌ಗೆ ಅವಕಾಶವಿಲ್ಲದೆ ಪೂರ್ಣ ಹೆಸರನ್ನೇ ಬರೆಯಬೇಕು. ಕೊಡಗಿನಲ್ಲಿ ಮನೆತನದ ಹೆಸರು ಒಂದು ದಾಖಲೆಯಲ್ಲಿ ಪೂರ್ಣವಾಗಿದ್ದು, ಮತ್ತೊಂದರಲ್ಲಿ ಒಂದೇ ಅಕ್ಷರಕ್ಕೆ ಇಳಿದಿರಬಹುದು. ಅಧಿಕಾರಿಯೊಬ್ಬರು ಓದಿ ಒಂದೇ ವ್ಯಕ್ತಿಯೆಂದು ಅರಿಯಬಲ್ಲ ಇಂತಹ ಹೆಸರುಗಳನ್ನು ಗಣಕಯಂತ್ರವು ಇಬ್ಬರು ವ್ಯಕ್ತಿಗಳೆಂದು ಪರಿಗಣಿಸಬಹುದು.

ಆದಕಾರಣ ಅರ್ಜಿ ಸಲ್ಲಿಸುವ ಮೊದಲು ಆಧಾರ್, ಪಾನ್ ಮತ್ತು ಬ್ಯಾಂಕ್ ಖಾತೆಗಳಲ್ಲಿನ ಹೆಸರನ್ನು ಅಕ್ಷರಶಃ ಹೋಲಿಸಿ ನೋಡತಕ್ಕದ್ದು. ಆಧಾರ್‌ನಲ್ಲಿ ಹೆಸರಿನ ತಿದ್ದುಪಡಿಗೆ ಸಾಮಾನ್ಯವಾಗಿ ಜೀವಿತಾವಧಿಯಲ್ಲಿ 2 ಬಾರಿ ಮಾತ್ರ ಅವಕಾಶವಿರುವುದರಿಂದ, ಯಾವ ರೂಪವನ್ನು ಉಳಿಸಿಕೊಳ್ಳಬೇಕೆಂದು ನಿರ್ಧರಿಸಿದ ನಂತರವೇ ತಿದ್ದುಪಡಿಗೆ ಮುಂದಾಗುವುದು ಸೂಕ್ತ. 'ಒಬ್ಬರೇ ವ್ಯಕ್ತಿ' ಎಂಬ ಪ್ರಮಾಣಪತ್ರವು ಕಚೇರಿಗಳಲ್ಲಿ ಉಪಯೋಗಕ್ಕೆ ಬರಬಹುದಾದರೂ, ಎಲ್ಲ ತಾಣಗಳೂ ಅದನ್ನು ಒಪ್ಪುತ್ತವೆಂದು ಭಾವಿಸಬಾರದು.

ಸ್ವತ್ತು ಬೇರೆಯವರ ಹೆಸರಿನಲ್ಲಿದ್ದಾಗ

ಅತಿಥಿಗಳನ್ನು ನೋಡಿಕೊಳ್ಳುವವರು ಮನೆಯೊಡತಿಯಾಗಿದ್ದು, ಸ್ವತ್ತು ಗಂಡನ ಅಥವಾ ಮಾವನ ಹೆಸರಿನಲ್ಲಿರುವ ಸಂದರ್ಭಗಳುಂಟು. ಆಗ ಸ್ವತ್ತಿನ ಹಕ್ಕುದಾರರಿಂದ ಲಿಖಿತ ಒಪ್ಪಿಗೆ ಪತ್ರ ಪಡೆದಿರುವುದು ಅಗತ್ಯ. ಹಕ್ಕುದಾರರು ಮರಣ ಹೊಂದಿದ್ದಲ್ಲಿ, ವಾರಸುದಾರರು ಮೊದಲು ಪೌತಿ ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸುವುದು ಒಳಿತು. ಪಹಣಿಯಲ್ಲಿ ಪಟ್ಟೇದಾರರೊಂದಿಗೆ ಕುಟುಂಬದ ಇತರ ಸದಸ್ಯರ ಹೆಸರೂ ಇರುವ ಜಮ್ಮಾ ಸ್ವತ್ತುಗಳಲ್ಲಿ, ಮುಂದೆ ತಕರಾರು ಬಾರದಂತೆ ಸಂಬಂಧಪಟ್ಟ ಸದಸ್ಯರೆಲ್ಲರ ಒಪ್ಪಿಗೆ ಪಡೆದಿರತಕ್ಕದ್ದು. ಮಧ್ಯವರ್ತಿಯ ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆಯನ್ನು ಬಳಸಿ ಮನೆಯನ್ನು ತಾಣದಲ್ಲಿ ಪ್ರಕಟಿಸಿದರೆ, ಹಣವೂ ತಾಣದ ಖಾತೆಯ ಹಿಡಿತವೂ ಅವರ ಕೈಸೇರುತ್ತದೆ ಎಂಬುದನ್ನು ಮರೆಯಬಾರದು.

ಆಧಾರ್ ಪ್ರತಿ ನೀಡುವಾಗ ವಹಿಸಬೇಕಾದ ಎಚ್ಚರಿಕೆ

12 ಅಂಕಿಗಳ ಆಧಾರ್ ಸಂಖ್ಯೆಯ ಪೈಕಿ ಕೊನೆಯ 4 ಅಂಕಿಗಳು ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಪಡೆಯಬಹುದಾಗಿದ್ದು, ಸಾಧ್ಯವಿರುವೆಡೆ ಇದನ್ನೇ ನೀಡುವುದು ಕ್ಷೇಮಕರ. ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿಗಳ ಪೈಕಿ ತಾಣವು ಒಪ್ಪುವಂಥದನ್ನೂ ಒದಗಿಸಬಹುದು. ಪಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ ಕಾರಣ ಅದು ವಿಳಾಸದ ಪುರಾವೆಯಾಗುವುದಿಲ್ಲ. ಒಟಿಪಿಯನ್ನು ಯಾರಿಗೂ ದೂರವಾಣಿಯಲ್ಲಿ ತಿಳಿಸಕೂಡದು.

ಆತಿಥೇಯರ ಹೊಣೆಗಾರಿಕೆ

ಸ್ವಂತ ಗುರುತು ದೃಢಪಟ್ಟ ಮೇಲೆ ಅತಿಥಿಗಳ ಗುರುತನ್ನು ನೋಡುವ ಹೊಣೆ ಆತಿಥೇಯರದಾಗುತ್ತದೆ. ತಂಗುವ ಪ್ರತಿಯೊಬ್ಬ ವಯಸ್ಕರ ಮೂಲ ಗುರುತಿನ ಚೀಟಿಯನ್ನು ಪರಿಶೀಲಿಸಿ, ವಿವರಗಳನ್ನು ವಹಿಯಲ್ಲಿ ದಾಖಲಿಸತಕ್ಕದ್ದು. ಆಧಾರ್ ಪತ್ರದ ಮೇಲಿನ ಕ್ಯೂಆರ್ ಸಂಕೇತವನ್ನು ಪ್ರಾಧಿಕಾರದ ಆಪ್‌ನಿಂದ ಸ್ಕ್ಯಾನ್ ಮಾಡಿದಲ್ಲಿ, ಮುದ್ರಿತ ಹೆಸರನ್ನು ತಿದ್ದಿರುವುದು ಪತ್ತೆಯಾಗುತ್ತದೆ. ಸಂಗ್ರಹಿಸಿದ ಪ್ರತಿಗಳನ್ನು ಭದ್ರವಾಗಿಡಬೇಕು; ಅನ್ಯ ಉದ್ದೇಶಕ್ಕೆ ಬಳಸಕೂಡದು.

ವಿದೇಶೀಯರು ತಂಗಿದಲ್ಲಿ, ಅವರು ಬಂದ 24 ಗಂಟೆಗಳೊಳಗಾಗಿ ಆನ್‌ಲೈನ್ ಮೂಲಕ ನೋಂದಣಿ ಅಧಿಕಾರಿಗೆ ವರದಿ ಸಲ್ಲಿಸುವುದು ಕಡ್ಡಾಯ. ಹಿಂದೆ 'ಫಾರಂ ಸಿ' ಎಂದು ಪರಿಚಿತವಾಗಿದ್ದ ಈ ವರದಿಯ ವಿಷಯದಲ್ಲಿ, 2025ರ ಸೆಪ್ಟೆಂಬರ್ 1ರಿಂದ 1946ರ ವಿದೇಶೀಯರ ಕಾಯ್ದೆಯ ಬದಲಿಗೆ ವಲಸೆ ಮತ್ತು ವಿದೇಶೀಯರ ಕಾಯ್ದೆ, 2025 ಅನ್ವಯಿಸುತ್ತದೆ. ಒಂದೇ ಕೊಠಡಿ ನೀಡುವವರೂ, ಒಂದೇ ರಾತ್ರಿಗೆ ನೀಡುವವರೂ ಈ ವರದಿಯನ್ನು ಸಲ್ಲಿಸಬೇಕು.

ವಂಚನೆಗೆ ಒಳಗಾದಲ್ಲಿ

ತಮ್ಮ ಮನೆ ಅಥವಾ ಗುರುತಿನ ಚೀಟಿಯನ್ನು ಬೇರೆಯವರು ತಾಣದಲ್ಲಿ ಬಳಸಿರುವುದು ಕಂಡುಬಂದಲ್ಲಿ ಕೂಡಲೇ ತಾಣಕ್ಕೆ ಲಿಖಿತ ದೂರು ನೀಡಿ, ಅದರ ಪ್ರತಿಯೊಂದಿಗೆ ಸ್ಥಳೀಯ ಪೊಲೀಸ್ ಠಾಣೆಯನ್ನು ಸಂಪರ್ಕಿಸತಕ್ಕದ್ದು. ಹಣ ಕಳೆದುಕೊಂಡವರು ವಿಳಂಬವಿಲ್ಲದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು. ದಾಖಲೆಗಳನ್ನು ಮುಂಚಿತವಾಗಿ ಸರಿಪಡಿಸಿಕೊಂಡು, ಮಧ್ಯವರ್ತಿಗಳನ್ನು ಅವಲಂಬಿಸದೆ ಖುದ್ದಾಗಿ ಅರ್ಜಿ ಸಲ್ಲಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.